ಅಡಿಕೆ ‘ಅರೆಕಾ’ ಆದ ಕತೆ

ಕಾಸರಗೋಡಿನ ಮಕ್ಕಳಿಗೆ ಅಡಿಕೆಯ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಚಾಲಿ ಯಾವುದು, ಪಟೋರ ಯಾವುದು, ಕರಿಗೋಟು ಯಾವುದು ಎಂಬುದನ್ನು ಮನೆಯಂಗಳದಲ್ಲೇ ಕಲಿತು ಶಾಲೆಗೆ ಬರುವವರು ಅವರು. ಅದೇ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ವನ್‌ಗೆ ಹೋಗಿ ಇಂಗ್ಲಿಷಿನ ಸಸ್ಯಶಾಸ್ತ್ರ ಪುಸ್ತಕ ಬಿಡಿಸಿದರೆ, ತಮ್ಮ ತೋಟದ ಕಂಗು ಅಲ್ಲಿ ‘ಅರೆಕಾ ಕಟೆಚು’ ಎಂಬ ಹೆಸರು ಹೊತ್ತು ನಿಂತಿರುತ್ತದೆ. ಇದು ಯಾವುದೋ ಲ್ಯಾಟಿನ್ ಶಬ್ದ, ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ ಎಂದುಕೊಂಡು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಮಜಾ ಏನೆಂದರೆ, ಆ ಎರಡು ಶಬ್ದಗಳಲ್ಲಿ ಒಂದೂ ಲ್ಯಾಟಿನ್ ಅಲ್ಲ, ಗ್ರೀಕೂ ಅಲ್ಲ. ಎರಡೂ ನಮ್ಮ ಎಲೆತಟ್ಟೆಯಿಂದ ಹೋದವು.

ಹಾಗಾದರೆ ‘ಅರೆಕಾ’ ಯಾರ ಮಾತು? ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ಇಂಗ್ಲಿಷರ ಅರೆಕಾ ಎಂದರೆ ನಮ್ಮ ಕನ್ನಡದ ಅಡಿಕೆಯೇ.” ಚಪ್ಪಾಳೆಯೂ ಬೀಳುತ್ತದೆ. ಗಡಿಯಾಚೆ ಉಳಿದ ನಮಗೆ ಇಂಥ ಮಾತು ಹಿತವೆನಿಸುವುದು ಸಹಜ. ಆದರೆ ಹಿತವಾದದ್ದೆಲ್ಲ ನಿಜವಾಗಬೇಕೆಂದಿಲ್ಲವಲ್ಲ. ದಾಖಲೆಗಳು ಏನು ಹೇಳುತ್ತವೆ, ನೋಡೋಣ.

ಯುರೋಪಿನವರ ಬರಹದಲ್ಲಿ ಈ ಶಬ್ದ ಕಾಣಿಸಿಕೊಂಡದ್ದು ಲುಡೊವಿಕೊ ಡಿ ವರ್ತೆಮಾ ಎಂಬ ಇಟಲಿಯ ಪ್ರವಾಸಿಯ ಪುಸ್ತಕದಲ್ಲಿ. ಅದು 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ವರ್ತೆಮಾ ನಮ್ಮ ಕರಾವಳಿಯನ್ನೆಲ್ಲ ಹಾದುಹೋದವನು. ಭಟ್ಕಳ, ಹೊನ್ನಾವರ, ಮಂಗಳೂರು, ಕಣ್ಣೂರುಗಳ ಹೆಸರು ಅವನ ಪುಸ್ತಕದಲ್ಲಿವೆ. ಕಲ್ಲಿಕೋಟೆಯ ಜನ ಎಲೆ ತಿನ್ನುವುದನ್ನು ಹೇಳುತ್ತಾ, ಎಲೆಯ ಜೊತೆ ‘ಕೊಫೊಲೊ’ ಎಂಬ ಕಾಯಿಯನ್ನು ತಿನ್ನುತ್ತಾರೆ, ಆ ಕಾಯಿಯ ಮರಕ್ಕೆ ‘ಅರೆಕಾ’ ಎನ್ನುತ್ತಾರೆ ಎಂದು ಅವನು ಬರೆದಿದ್ದಾನೆ. ಮರಕ್ಕೊಂದು, ಕಾಯಿಗೊಂದು ಹೆಸರು! ಈ ಕೊಫೊಲೊ ಬೇರೇನೂ ಅಲ್ಲ, ಅರಬರ ‘ಫೌಫಲ್’. ಫೌಫಲ್ ಎಂದರೆ ಸಂಸ್ಕೃತದ ಪೂಗಫಲ. ಮರಾಠಿಯ ಪೋಫಳ ಅದರದೇ ಇನ್ನೊಂದು ಕವಲು. ಕಲ್ಲಿಕೋಟೆಯ ಪೇಟೆಯಲ್ಲಿ ಅರಬ ವ್ಯಾಪಾರಿಯ ಮಾತೂ ಊರವರ ಮಾತೂ ಒಟ್ಟಿಗೆ ಕಿವಿಗೆ ಬಿದ್ದಾಗ ಪಾಪ, ಪರದೇಶಿ ಎರಡನ್ನೂ ಹೀಗೆ ಹಂಚಿಕೊಂಡಿರಬೇಕು ಎಂದು ನಮಗೆ ತೋರುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಗೋವೆಯಲ್ಲಿ. ಗಾರ್ಸಿಯಾ ಡ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ ಅಲ್ಲಿ ಬಹುಕಾಲ ನೆಲೆಸಿ, ಭಾರತದ ಔಷಧಿ, ಮೂಲಿಕೆ, ಮಸಾಲೆಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿ ಒಂದು ಪುಸ್ತಕ ಬರೆದ. 1563ರಲ್ಲಿ ಗೋವೆಯಲ್ಲೇ ಅದು ಅಚ್ಚಾಯಿತು. ಯಾವ ಊರಿನಲ್ಲಿ ಯಾವ ವಸ್ತುವಿಗೆ ಏನು ಹೆಸರು ಎಂದು ಕೇಳಿ ಬರೆದುಕೊಳ್ಳುವ ಚಟ ಓರ್ಟಾನಿಗೆ. ಅಡಿಕೆಗೆ ಗುಜರಾತ್ ಮತ್ತು ದಖ್ಖನಿನಲ್ಲಿ ಸುಪಾರಿ ಎನ್ನುತ್ತಾರೆ, ಮಲಬಾರಿನಲ್ಲಿ ಸಾಮಾನ್ಯರು ‘ಪಾಕ್’ ಎನ್ನುತ್ತಾರೆ, ಅಲ್ಲಿನ ನಾಯರು ‘ಅರೆಕಾ’ ಎನ್ನುತ್ತಾರೆ ಎಂದು ಅವನು ದಾಖಲಿಸಿದ್ದಾನೆ. ‘ಪಾಕ್’ ಎಂದರೆ ತಮಿಳಿನ ಪಾಕ್ಕು. ಅಂದರೆ, ಗೋವೆಯಲ್ಲಿ ಕುಳಿತು ಬರೆದವನೇ ಅರೆಕಾ ಶಬ್ದದ ತವರನ್ನು ಮಲಬಾರಿಗೆ ಒಪ್ಪಿಸುತ್ತಿದ್ದಾನೆ.

ಮಲಯಾಳದಲ್ಲಿ ಅಡಿಕೆಗೆ ಬರವಣಿಗೆಯಲ್ಲಿ ‘ಅಟಯ್ಕ’, ಮಾತಿನಲ್ಲಿ ಹೆಚ್ಚುಕಡಿಮೆ ‘ಅಡೆಕ್ಕ’. ನಮ್ಮ ತರಗತಿಗಳಲ್ಲಿ ಇದನ್ನು ವಿವರಿಸುವುದು ಕಷ್ಟವೇ ಅಲ್ಲ, ಯಾಕೆಂದರೆ ಒಂದೇ ಬೆಂಚಿನಲ್ಲಿ ಮೂರು ನಾಲ್ಕು ಮನೆಮಾತು ಕೂತಿರುತ್ತವೆ. ಹವ್ಯಕರ ಮನೆಯ ಹುಡುಗ ‘ಅಡಕ್ಕೆ’ ಎನ್ನುತ್ತಾನೆ. ತುಳು ಮನೆಯವಳು ‘ಬಜ್ಜೈ’ ಎನ್ನುತ್ತಾಳೆ. ಮಲಯಾಳಿ ಮನೆಯವನದು ಅಡೆಕ್ಕ. ಪಾಠಪುಸ್ತಕದ್ದು ಅಡಿಕೆ. ತುಳುವಿನ ಬಜ್ಜೈ ಒಂದನ್ನು ಬದಿಗಿಟ್ಟರೆ ಉಳಿದವೆಲ್ಲ ತಮಿಳಿನ ‘ಅಡೈಕ್ಕಾಯ್’ ಜೊತೆ ಸೇರಿ ಒಂದೇ ಬುಡದ ಹಿಳ್ಳುಗಳು. ಕೊನೆಯಲ್ಲಿರುವ ಕ, ಕೆ, ಕ್ಕಾಯ್ ಎಲ್ಲವೂ ನಮ್ಮ ‘ಕಾಯಿ’. ಅಡೈ ಎಂದರೆ ಒತ್ತಾಗಿ ಜೋಡಿಸಿಕೊಂಡದ್ದು, ಗೊನೆಯಲ್ಲಿ ಒತ್ತೊತ್ತಾಗಿರುವ ಕಾಯಿ ಆದ್ದರಿಂದ ಅಡೈಕ್ಕಾಯ್ ಎಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್ ವಿವರಿಸಿದ್ದರು. ಇಂಗ್ಲಿಷಿನ ‘ಮ್ಯಾಂಗೋ’ ಕೂಡ ಹೀಗೆಯೇ ಬಾಲದಲ್ಲಿ ಕಾಯಿ ಕಟ್ಟಿಕೊಂಡು ಹೋದ ಶಬ್ದ. ತಮಿಳಿನ ಮಾಂಗಾಯ್, ಮಲಯಾಳದ ಮಾಙ್ಙ, ಪೋರ್ಚುಗೀಸರ ಮಾಂಗಾ, ಆಮೇಲೆ ಮ್ಯಾಂಗೋ. ಇಂಗ್ಲಿಷರು ‘ಮ್ಯಾಂಗೋ ಫ್ರೂಟ್’ ಎಂದಾಗ ಕಾಯಿಯ ಮೇಲೆ ಇನ್ನೊಂದು ಹಣ್ಣು ಇಟ್ಟಂತಾಗುತ್ತದೆ!

ಇನ್ನು ಡ ಹೋಗಿ ರ ಬಂದದ್ದು ಹೇಗೆ? ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿ ಹೇಳುವ ನಮ್ಮ ಡ ಪೋರ್ಚುಗೀಸರಿಗೂ ಇಲ್ಲ, ಇಂಗ್ಲಿಷರಿಗೂ ಇಲ್ಲ. ಎರಡು ಸ್ವರಗಳ ನಡುವೆ ಬಂದಾಗ ಅದು ಹೊರಗಿನವರ ಕಿವಿಗೆ ರ ಎಂದೇ ಕೇಳುತ್ತದೆ. ನಮ್ಮ ಹೋಟೆಲಿನ ಪಕೋಡ ಇಂಗ್ಲಿಷಿನಲ್ಲಿ ‘ಪಕೋರ’ ಆದದ್ದು ನೋಡಿದ್ದೀರಲ್ಲ, ಹಾಗೆಯೇ ಇದೂ. ಒತ್ತಕ್ಷರವೂ ಸವೆದು ಅಡೆಕ್ಕ ‘ಅರೆಕಾ’ ಆಯಿತು.

ಈಗ ತೀರ್ಪಿಗೆ ಬರೋಣ. ಶಬ್ದದ ಆಕಾರವನ್ನೇ ನೋಡಿ. ಅರೆಕಾದ ನಡುವಿನ ಸ್ವರ ಎ, ಕೊನೆಯ ಸ್ವರ ಅ. ಅಡೆಕ್ಕದಲ್ಲಿಯೂ ಹಾಗೆಯೇ. ಕನ್ನಡದ ಅಡಿಕೆ, ಅಡಕೆ, ಹವ್ಯಕರ ಅಡಕ್ಕೆ ಎಲ್ಲವೂ ಎಕಾರದಲ್ಲಿ ಮುಗಿಯುತ್ತವೆ. ಪೋರ್ಚುಗೀಸರು ಮೊದಲು ಬಂದಿಳಿದದ್ದು 1498ರಲ್ಲಿ ಕಲ್ಲಿಕೋಟೆಯ ಹತ್ತಿರ. ಆಮೇಲೆ ನೆಲೆಯೂರಿದ್ದು ಕೊಚ್ಚಿ, ಕಣ್ಣೂರುಗಳಲ್ಲಿ. ಗೋವೆ ಅವರ ಕೈಸೇರಿದ್ದು 1510ರಲ್ಲಿ, ಅಂದರೆ ಅರೆಕಾ ಶಬ್ದ ರೋಮಿನಲ್ಲಿ ಅಚ್ಚಾದ ವರ್ಷವೇ. ಇನ್ನೂ ಒಂದು ಮಾತು. ಆಂಗ್ಲೋ ಇಂಡಿಯನ್ ಶಬ್ದಗಳ ‘ಹಾಬ್ಸನ್ ಜಾಬ್ಸನ್’ ಎಂಬ ಪ್ರಸಿದ್ಧ ಕೋಶ 1886ರಲ್ಲಿ ಹೊರಬಂತು. ಅದನ್ನು ಸಿದ್ಧಪಡಿಸಿದ ಇಬ್ಬರಲ್ಲಿ ಒಬ್ಬನಾದ ಎ.ಸಿ. ಬರ್ನೆಲ್ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮಂಗಳೂರಿನಲ್ಲಿ, ನ್ಯಾಯಾಧೀಶನಾಗಿದ್ದವನು. ತುಳುವರ ಭೂತಾರಾಧನೆಯ ಬಗ್ಗೆ ಬರೆದವನೂ ಅವನೇ. ಕನ್ನಡದ ಅಡಿಕೆ, ತುಳುವಿನ ಬಜ್ಜೈ ಎರಡೂ ಕಿವಿಯ ಮೇಲೆ ಬೀಳುತ್ತಿದ್ದ ಊರಲ್ಲಿದ್ದವನು. ಆ ಕೋಶದಲ್ಲಿಯೂ ಅರೆಕಾಕ್ಕೆ ಮೂಲವಾಗಿ ಕೊಟ್ಟಿರುವುದು ಮಲಯಾಳದ ಶಬ್ದವನ್ನೇ, ಪೋರ್ಚುಗೀಸರ ಮೂಲಕ ಬಂದದ್ದೆಂದು.

ಆದ್ದರಿಂದ ಅರೆಕಾ ಮಲಯಾಳದ ಕೊಡುಗೆ ಎಂದು ಒಪ್ಪಿಕೊಳ್ಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅಡಿಕೆ ಅದರ ಒಡಹುಟ್ಟು, ತಾಯಿಯಲ್ಲ. ಕನ್ನಡದ ಶಾಲೆಯವರೇ ಹೀಗೆ ಹೇಳುವುದೇ ಎಂದು ಯಾರಾದರೂ ಮುನಿಸಿಕೊಂಡರೆ ಸ್ವಲ್ಪ ತಾಳಿ, ಹೆಸರಿನ ಎರಡನೆಯ ಅರ್ಧ ಇನ್ನೂ ಬಾಕಿ ಇದೆ.

ಅದಕ್ಕೆ ಮೊದಲು ಈ ಶಬ್ದ ಪೇಟೆಯಿಂದ ಸಸ್ಯಶಾಸ್ತ್ರಕ್ಕೆ ದಾಟಿದ್ದನ್ನು ಹೇಳಬೇಕು. ಓರ್ಟಾನ ಪುಸ್ತಕವನ್ನು ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ಸಂಗ್ರಹಿಸಿ ಲ್ಯಾಟಿನ್ನಿಗೆ ತಂದ. 1567ರಲ್ಲಿ ಆಂಟ್‌ವರ್ಪ್‌ನಲ್ಲಿ ಅದು ಪ್ರಕಟವಾಯಿತು. ಪೋರ್ಚುಗೀಸ್ ಬಾರದ ಯುರೋಪಿನ ಪಂಡಿತರೆಲ್ಲ ಓದಿದ್ದು ಇದನ್ನು. ಅರೆಕಾ ಲ್ಯಾಟಿನ್ ವೇಷ ಹಾಕಿಕೊಂಡದ್ದು ಹೀಗೆ. ಇಂಗ್ಲಿಷಿನಲ್ಲಿ ಅದು ಕಾಣಿಸಿಕೊಳ್ಳುವುದು 1590ರ ದಶಕದಲ್ಲಿ.

ನೂರು ವರ್ಷ ಕಳೆದ ಮೇಲೆ, 1678ರಿಂದ 1693ರವರೆಗೆ, ಆಮ್‌ಸ್ಟರ್‌ಡಾಮಿನಲ್ಲಿ ‘ಹೋರ್ತೂಸ್ ಮಲಬಾರಿಕೂಸ್’ ಗ್ರಂಥದ 12 ಸಂಪುಟಗಳು ಹೊರಬಂದವು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಕೆಲಸ ಅದು. ಇಟ್ಟಿ ಅಚ್ಯುದನ್ ವೈದ್ಯರು, ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು ಗಿಡಗಳ ಹೆಸರನ್ನೂ ಗುಣವನ್ನೂ ಹೇಳಿಕೊಟ್ಟರು. ಮೊದಲ ಸಂಪುಟದಲ್ಲಿ ‘ತೆಂಗ’ದ ಬೆನ್ನಿಗೇ ಅಡಿಕೆ ಮರ ಬರುತ್ತದೆ, ‘ಕೌಂಗ’ ಎಂಬ ಹೆಸರಿನಲ್ಲಿ. ಮಲಯಾಳದ ಕವುಙ್ಙ್, ತುಳುವಿನ ಕಂಗ್, ನಾವು ಇಲ್ಲಿ ದಿನಾ ಹೇಳುವ ‘ಕಂಗು’. ಘಟ್ಟದ ಮೇಲಿನ ಕನ್ನಡಿಗರಿಗೆ ಈ ಶಬ್ದ ಹೊಸದೆನಿಸಬಹುದು. ನಮ್ಮಲ್ಲಿ ಮರ ಕಂಗು, ಅದರ ಕಾಯಿ ಅಡಿಕೆ. ವರ್ತೆಮಾ ಮರಕ್ಕೂ ಕಾಯಿಗೂ ಬೇರೆ ಹೆಸರು ಕೊಟ್ಟದ್ದು ತಮಾಷೆಯಾಗಿ ಕಂಡರೂ, ಬೇರೆ ಹೆಸರು ಇದ್ದದ್ದಂತೂ ನಿಜವೇ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಜಗತ್ತಿನ ಗಿಡಮರಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟಾಗ ಅವನ ಕೈಯಲ್ಲಿ ಈ ಗ್ರಂಥವಿತ್ತು. ಆದರೆ ಲಿನೇಯಸ್ ಮಡಿವಂತ. ಗ್ರೀಕ್ ಅಥವಾ ಲ್ಯಾಟಿನ್ ಬೇರಿಲ್ಲದ ಹೆಸರು ಜಾತಿಗಳಿಗೆ ಸಲ್ಲದು ಎಂದು ಅವನು 1737ರಲ್ಲೇ ನಿಯಮ ಬರೆದಿದ್ದ. ಅದರ ಪ್ರಕಾರ ಮಲಬಾರಿನ ಕರಿಂಪನ ‘ಬೊರಾಸಸ್’ ಆಯಿತು. ಹಿಂದೆ ಓಲೆ ಬರೆಯಲು ಬಳಸುತ್ತಿದ್ದ ಶ್ರೀತಾಳೆ, ಅಂದರೆ ಕೊಡಪ್ಪನ, ‘ಕೋರಿಫಾ’ ಆಯಿತು. ಬೈನೆ ಮರ, ಅಂದರೆ ಚೂಂಡಪ್ಪನ, ‘ಕಾರಿಯೋಟ’ ಆಯಿತು. ಎಲ್ಲವೂ ಗ್ರೀಕ್. ಅರೆಕಾ ಮಾತ್ರ ಹೇಗೋ ಒಳಗೆ ಉಳಿದುಕೊಂಡಿತು. ಎರಡು ಶತಮಾನ ಲ್ಯಾಟಿನ್ ಪುಸ್ತಕಗಳಲ್ಲಿ ಓಡಾಡಿದ ಶಬ್ದವಾದ್ದರಿಂದ ಮನೆಯವರಲ್ಲೊಬ್ಬನಂತೆ ಕಂಡಿರಬೇಕು.

ಉಳಿದದ್ದಷ್ಟೇ ಅಲ್ಲ, ಯಜಮಾನನೂ ಆಯಿತು. 1820ರಲ್ಲಿ ಬರ್ಖ್‌ಟೋಲ್ಡ್ ಮತ್ತು ಪ್ರೆಸ್ಲ್ ಎಂಬ ಬೊಹೀಮಿಯದ ಇಬ್ಬರು ಸಸ್ಯವಿಜ್ಞಾನಿಗಳು ತಾಳೆಯ ಕುಟುಂಬಕ್ಕೆ ‘ಅರೆಕೇಸಿ’ ಎಂಬ ಹೆಸರಿಟ್ಟರು. ಹಳೆಯ ‘ಪಾಮೇ’ ಹೆಸರೂ ಇಂದಿಗೂ ಸಿಂಧುವೇ, ಆದರೆ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಅರೆಕೇಸಿ. ತೆಂಗು, ತಾಳೆ, ಈಚಲು, ಬೈನೆ, ಬೆತ್ತ, ಅರಬರ ಖರ್ಜೂರ ಎಲ್ಲವೂ ಸೇರಿ 2,500ಕ್ಕೂ ಹೆಚ್ಚು ಪ್ರಭೇದಗಳು ಈಗ ಅಡಿಕೆಯ ಮನೆಯವರು! ಕಲ್ಪವೃಕ್ಷ ಎಂದು ಮೆರೆಯುವ ತೆಂಗು ಕೂಡ ಕುಟುಂಬದ ಹೆಸರು ಬರೆಯುವಾಗ ಅಡಿಕೆಯ ಹಿಂದೆ ನಿಲ್ಲಬೇಕು.

ಇನ್ನು ‘ಕಟೆಚು’.

ತಾಂಬೂಲಕ್ಕೆ ಹಾಕುವ ಕಾಚು ಎಲ್ಲರಿಗೂ ಗೊತ್ತು. ಬಾಯಿ ಒಗರಾಗುವ, ಕೆಂಪಾಗುವ ಆ ಗಟ್ಟಿ ಉಂಡೆ ಬರುವುದು ಕಗ್ಗಲಿ ಮರದ ತಿರುಳನ್ನು ಚೂರು ಮಾಡಿ ನೀರಲ್ಲಿ ಕುದಿಸಿ ಬತ್ತಿಸಿದಾಗ. ಹಿಂದಿಯಲ್ಲಿ ಕತ್ಥಾ. ಪೋರ್ಚುಗೀಸರ ಬಾರ್ಬೋಸಾ ಸುಮಾರು 1516ರಲ್ಲೇ ಖಂಬಾತಿನಿಂದ ಮಲಕ್ಕಾಕ್ಕೆ ಹೋಗುವ ಸರಕುಗಳಲ್ಲಿ ‘ಕಾಚೊ’ ಎಂದು ಇದನ್ನು ಹೆಸರಿಸಿದ್ದಾನೆ. ಯುರೋಪಿನ ಔಷಧಿ ಅಂಗಡಿಗೆ ಅದು ತಲುಪಿದ್ದು ಮಾತ್ರ 17ನೆಯ ಶತಮಾನದ ನಡುವಿನಲ್ಲಿ, ಅದೂ ಜಪಾನಿನ ಕಡೆಯಿಂದ ಬಂದ ಹಡಗುಗಳಲ್ಲಿ. ನೋಡಲು ಮಣ್ಣಿನ ಹೆಂಟೆಯಂತಿತ್ತು. ‘ತೆರ್ರಾ ಜಪೋನಿಕಾ’, ಜಪಾನಿನ ಮಣ್ಣು, ಎಂದೇ ಹೆಸರಿಟ್ಟುಬಿಟ್ಟರು! 1654ರ ಒಂದು ಔಷಧಿ ಕೋಶದಲ್ಲಿ ಅದಕ್ಕೆ ‘ಕಟೆಚು’ ಎಂಬ ಇನ್ನೊಂದು ಹೆಸರೂ ಸಿಗುತ್ತದೆ. ಮರದ ಸಾರವನ್ನು ಮಣ್ಣೆಂದು ಮಾರಿದರು, ಭಾರತದ್ದನ್ನು ಜಪಾನಿನದೆಂದು ನುಂಗಿದರು.

ಹಾಬ್ಸನ್ ಜಾಬ್ಸನ್ ಕೋಶ ಈ ಕಟೆಚುವಿನ ಮೂಲ ಹೇಳುವಾಗ ಮೊದಲು ಹೆಸರಿಸುವುದು ಕನ್ನಡದ ‘ಕಾಚು’ವನ್ನು, ಆಮೇಲೆ ತಮಿಳಿನ ಕಾಸು, ಮಲಯ ಭಾಷೆಯ ಕಾಚು. ಮೂವರಲ್ಲಿ ಯಾರ ಬಾಯಿಂದ ನೇರವಾಗಿ ಹೋಯಿತೆಂದು ಪಟ್ಟು ಹಿಡಿಯುವ ಅಗತ್ಯವಿಲ್ಲ. ಮುನಿಸಿಕೊಂಡವರಿಗೆ ಇಷ್ಟು ಸಮಾಧಾನ ಸಾಕು ಎಂದುಕೊಳ್ಳುತ್ತೇವೆ.

ಆದರೆ ಕಗ್ಗಲಿಯ ಕಾಚು ಅಡಿಕೆ ಮರದ ಹೆಸರಿಗೆ ಹೇಗೆ ಅಂಟಿಕೊಂಡಿತು? ಯುರೋಪಿನವರಿಗೆ ಬಹುಕಾಲ ಈ ಸಾರ ಯಾವ ಮರದ್ದೆಂದು ಗೊತ್ತಿರಲಿಲ್ಲ. ಅಡಿಕೆಯದೇ ಎಂದು ನಂಬಿದವರಲ್ಲಿ ಲಿನೇಯಸನೂ ಒಬ್ಬ. ಹಾಗಾಗಿ 1753ರಲ್ಲಿ ಅಡಿಕೆ ‘ಅರೆಕಾ ಕಟೆಚು’ ಆಯಿತು, ಅಂದರೆ ‘ಕಾಚು ಕೊಡುವ ಅಡಿಕೆ’. 1770ರ ದಶಕದಲ್ಲಿ ಜೇಮ್ಸ್ ಕೆರ್ ಎಂಬ ವೈದ್ಯ ಬಿಹಾರದ ಕಡೆ ಕಾಚು ಮಾಡುವುದನ್ನು ನೋಡಿ ಮರದ ವಿವರ ಬರೆದು ಕಳಿಸಿದ ಮೇಲೆ ಕಗ್ಗಲಿಯ ಗುಟ್ಟು ಬಯಲಾಯಿತು. ಆಗ ಲಿನೇಯಸನ ಮಗ ಕಗ್ಗಲಿಗೂ ‘ಕಟೆಚು’ ಎಂಬ ಹೆಸರು ಸೇರಿಸಿದ. ಅಪ್ಪ ತಪ್ಪು ಮರಕ್ಕೆ ಕೊಟ್ಟದ್ದನ್ನು ಮಗ ಸರಿಯಾದ ಮರಕ್ಕೆ ಕೊಟ್ಟ ಹಾಗಾಯಿತು. ತಪ್ಪು ಮರದಿಂದ ಕಿತ್ತುಕೊಳ್ಳಲು ಮಾತ್ರ ಆಗಲಿಲ್ಲ. ಹೆಸರು ಅರ್ಥಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಒಮ್ಮೆ ಕ್ರಮಬದ್ಧವಾಗಿ ಪ್ರಕಟವಾದ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಸಸ್ಯಗಳ ಹೆಸರಿನ ಅಂತರರಾಷ್ಟ್ರೀಯ ನಿಯಮ. ಮೆಡಿಟರೇನಿಯನ್ ತೀರದ ಒಂದು ಹೂಗಿಡ ‘ಸಿಲ್ಲಾ ಪೆರುವಿಯಾನಾ’, ಪೆರು ದೇಶದ ಸಿಲ್ಲಾ, ಎಂಬ ಹೆಸರು ಹೊತ್ತೇ ಇದೆ. ಪೆರುವಿಗೂ ಅದಕ್ಕೂ ಸಂಬಂಧವೇ ಇಲ್ಲ.

ಲಿನೇಯಸನನ್ನು ಪೂರ್ತಿ ದೂರುವುದೂ ನ್ಯಾಯವಲ್ಲ. ಮಲೆನಾಡಿನ ಕಡೆ ನೆಂಟಸ್ತಿಕೆ ಇರುವವರಿಗೆ ‘ಚೊಗರು’ ಗೊತ್ತಿರುತ್ತದೆ. ನಾವು ಇಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಚಾಲಿ ಮಾಡುತ್ತೇವೆ. ಅಲ್ಲಿ ಎಳೆಯ ಹಸಿರಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಕಂದುಗೆಂಪಾಗಿ ಗಟ್ಟಿಯಾದದ್ದೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಬರಲು ಅದನ್ನು ಬಳಸುತ್ತಾರೆ. ಮೈಸೂರು ಸೀಮೆಯಲ್ಲಿ ಅಡಿಕೆಯನ್ನು ಹೀಗೆ ಬೇಯಿಸಿ ಕಾಚಿನಂಥ ಒಗರು ಸಾರ ತೆಗೆಯುವುದನ್ನು ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ 1814ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಚೊಗರನ್ನೂ ಕಾಚನ್ನೂ ಪಕ್ಕಪಕ್ಕ ಇಟ್ಟರೆ ಸ್ವೀಡನ್ನಿನಲ್ಲಿ ಕೂತವನಿಗೆ ವ್ಯತ್ಯಾಸ ಗೊತ್ತಾಗಬೇಕೆಂದು ಹೇಗೆ ನಿರೀಕ್ಷಿಸುವುದು?

ನಮಗೆ ನಿಜವಾಗಿ ತಲೆನೋವು ತಂದಿರುವುದು ಲಿನೇಯಸನ ಹೆಸರಲ್ಲ, ಇಂಗ್ಲಿಷರ ಆಡುಮಾತಿನ ‘ಬೀಟಲ್ ನಟ್’. ಬೀಟಲ್ ಎಂದರೆ ಅಡಿಕೆಯೇ ಅಲ್ಲ. ಮಲಯಾಳದ ವೆಟ್ಟಿಲ, ಪೋರ್ಚುಗೀಸರ ಬಾಯಲ್ಲಿ ಬೆಟ್ಲೆಯಾಗಿ, ಇಂಗ್ಲಿಷಿನಲ್ಲಿ ಬೀಟಲ್ ಆಯಿತು: ವೀಳ್ಯದೆಲೆ. ಎಲೆಯ ಹೆಸರನ್ನು ಕಾಯಿಗೆ ಕಟ್ಟಿದರು. ಅಕ್ಷರಶಃ ಕನ್ನಡಕ್ಕೆ ತಂದರೆ ‘ಎಲೆಕಾಯಿ’. ‘ನಟ್’ ಎಂಬುದೂ ಸಸ್ಯಶಾಸ್ತ್ರದ ಪ್ರಕಾರ ಸರಿಯಲ್ಲ. ನಾವು ಸುಲಿದು ತೆಗೆಯುವುದು ನಾರುಸಿಪ್ಪೆಯ ಹಣ್ಣಿನೊಳಗಿನ ಬೀಜವನ್ನು.

ಶಬ್ದದ ಜಗಳ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 1888ರಲ್ಲಿ ಜರ್ಮನಿಯ ಯಾನ್ಸ್ ಎಂಬ ರಸಾಯನಶಾಸ್ತ್ರಜ್ಞ ಅಡಿಕೆಯಿಂದ ಒಂದು ಕ್ಷಾರವಸ್ತು ಬೇರ್ಪಡಿಸಿ ‘ಅರೆಕೋಲಿನ್’ ಎಂದು ಹೆಸರಿಟ್ಟ. ಅಡಿಕೆ ಜಗಿದಾಗ ಬೆವರು, ಅಮಲು ತರುವುದು ಮುಖ್ಯವಾಗಿ ಅದೇ. ಒಂದು ಕಾಲಕ್ಕೆ ನಾಯಿಗಳ ಹೊಟ್ಟೆಯ ಲಾಡಿಹುಳಕ್ಕೆ ಅದನ್ನು ಮದ್ದಾಗಿ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದು ಹೊಗೆಸೊಪ್ಪು ಹಾಕಿದ ತಾಂಬೂಲವನ್ನು ಮಾತ್ರ. “ದೋಷ ಹೊಗೆಸೊಪ್ಪಿನದು, ಅಡಿಕೆಯದಲ್ಲ” ಎಂದು ನಮ್ಮ ತೋಟದವರು ಹೇಳುತ್ತಿದ್ದ ಮಾತಿಗೆ ಅಲ್ಲಿಯವರೆಗೆ ಒಂದು ಆಧಾರವಿತ್ತು. 2004ರಲ್ಲಿ ಪ್ರಕಟವಾದ ಅದರ 85ನೆಯ ಸಂಪುಟ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಬರಿಯ ಅಡಿಕೆಯನ್ನೂ ಅದೇ ಸಾಲಿಗೆ ಸೇರಿಸಿತು. ಅಲ್ಲಿ ಬರೆದಿರುವ ಹೆಸರು ‘ಅರೆಕಾ ನಟ್’. ಬೀಟಲ್ ಎಂಬುದು ಎಲೆಗೆ ಮೀಸಲು, ಅರೆಕಾ ಎಂಬುದು ಕಾಯಿಗೆ. ವೀಳ್ಯದೆಲೆಯನ್ನು ಪ್ರತ್ಯೇಕವಾಗಿ ಆ ಸಾಲಿಗೆ ಸೇರಿಸಿಲ್ಲ. ತೋಟ ನಂಬಿ ಬದುಕುವ ನಮಗೆ ಇದು ಕಹಿಯಾದ ಓದು, ಆದರೆ ನಮ್ಮ ಮಕ್ಕಳ ಬಾಯಿಯೂ ನಮ್ಮದೇ. ಒಂದು ರೂಪಾಯಿ ಎರಡು ರೂಪಾಯಿಗೆ ಅಡಿಕೆಪುಡಿಯ ಸಿಹಿ ಪೊಟ್ಟಣ ಕೊಳ್ಳುವವರಲ್ಲಿ ಯೂನಿಫಾರಂ ತೊಟ್ಟವರೂ ಇರುತ್ತಾರೆಂದು ಅಧ್ಯಾಪಕರಾದ ನಮಗೆ ಗೊತ್ತಿದೆ.

ಹಾಗಾಗಿ ಎಂಟು ಒಂಬತ್ತನೆಯ ತರಗತಿಗಳಲ್ಲಿ ಸಸ್ಯಗಳ ವೈಜ್ಞಾನಿಕ ಹೆಸರಿನ ಪಾಠ ಬಂದಾಗ, ಮಾವು ಹುಲಿ ಸಿಂಹಗಳ ಮಾಮೂಲಿ ಪಟ್ಟಿಯ ಜೊತೆ ಕರಿಹಲಗೆಯ ಮೇಲೆ ‘ಅರೆಕಾ ಕಟೆಚು’ ಎಂದೂ ಬರೆಯಬಹುದು. ಬರೆದು, ಮನೆಯಲ್ಲಿ ಅಡಿಕೆಗೆ ಏನೆನ್ನುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಬಹುದು. ಅಡೆಕ್ಕ, ಅಡಕ್ಕೆ, ಅಡಿಕೆ, ಬಜ್ಜೈ ಎಲ್ಲವನ್ನೂ ಅದರ ಕೆಳಗೆ ಸಾಲಾಗಿ ಬರೆದರೆ, ಯಾವುದು ಅರೆಕಾಕ್ಕೆ ಹತ್ತಿರವೆಂದು ಮಕ್ಕಳೇ ಹೇಳುತ್ತಾರೆ.